ಖಲೀಫನ ಕಾಗದವೂ ಗೌರಿಬಿದನೂರಿನ ಅಂಗಿಯೂ: ಟರ್ಕಿ ಪಕ್ಷ ಬದಲಿಸುವ ಬಗೆ

1798ರ ಸೆಪ್ಟೆಂಬರ್ 20ರ ದಿನಾಂಕ ಹೊತ್ತ ಒಂದು ಕಾಗದ ಇಸ್ತಾಂಬುಲ್‌ನಿಂದ ಶ್ರೀರಂಗಪಟ್ಟಣಕ್ಕೆ ಹೊರಟಿತು. ಬರೆಸಿದವನು ಆಟೊಮನ್ ಸುಲ್ತಾನ ಮೂರನೇ ಸಲೀಂ, ಖಲೀಫನೆಂದು ಕರೆಸಿಕೊಳ್ಳುತ್ತಿದ್ದ ದೊರೆ. ಓದಬೇಕಾದವನು ಟಿಪ್ಪು ಸುಲ್ತಾನ. ಫ್ರೆಂಚರನ್ನು ನಂಬಬೇಡ, ಇಂಗ್ಲಿಷರ ಮೇಲೆ ಯುದ್ಧಕ್ಕೆ ಹೋಗಬೇಡ, ಅವರೊಂದಿಗೆ ಏನಾದರೂ ತಕರಾರಿದ್ದರೆ ನನಗೆ ತಿಳಿಸು, ನಾನು ನಡುವೆ ನಿಂತು ರಾಜಿ ಮಾಡಿಸುತ್ತೇನೆ ಎಂಬುದು ಒಕ್ಕಣೆಯ ಸಾರ. ತಮಾಷೆಯೆಂದರೆ, ಈ ಕಾಗದವನ್ನು ಸುಲ್ತಾನನ ದೂತ ತರಲಿಲ್ಲ. ಇಸ್ತಾಂಬುಲ್‌ನಲ್ಲಿದ್ದ ಬ್ರಿಟಿಷ್ ಪ್ರತಿನಿಧಿ ಸ್ಪೆನ್ಸರ್ ಸ್ಮಿತ್‌ನ ಕೈಗೆ ಅದು ಹೋಯಿತು, ಅಲ್ಲಿಂದ ಗವರ್ನರ್ ಜನರಲ್ ವೆಲ್ಲೆಸ್ಲಿಯ ಕೈಗೆ ಬಂತು. ವೆಲ್ಲೆಸ್ಲಿ 1799ರ ಜನವರಿ 16ರಂದು ಮದರಾಸಿನಿಂದ ತನ್ನದೊಂದು ಪತ್ರದ ಜೊತೆ ಅದನ್ನು ಟಿಪ್ಪುವಿಗೆ ಕಳಿಸಿದ. ಖಲೀಫನ ಬುದ್ಧಿಮಾತು ಟಿಪ್ಪುವಿಗೆ ತಲುಪಿದ್ದು ಅವನ ಶತ್ರುವಿನ ಟಪಾಲಿನಲ್ಲಿ.

ಚಿಕ್ಕಬಳ್ಳಾಪುರದ ಸೀಮೆಯವರಿಗೆ ಈ ಕಥೆ ದೂರದ್ದಲ್ಲ. ಟಿಪ್ಪು ಹುಟ್ಟಿದ್ದು ಪಕ್ಕದ ದೇವನಹಳ್ಳಿಯಲ್ಲಿ. ನಂದಿಬೆಟ್ಟದ ಕೋಟೆಯನ್ನು ಬಲಪಡಿಸಿದವರು ಹೈದರಾಲಿ ಮತ್ತು ಟಿಪ್ಪು. ಅದನ್ನು ಇಂಗ್ಲಿಷರ ಕಾರ್ನ್‌ವಾಲಿಸನ ಸೈನ್ಯ ಕಿತ್ತುಕೊಂಡದ್ದು 1791ರ ಅಕ್ಟೋಬರ್ 19ರಂದು. ಈಗ ಅದೇ ಬೆಟ್ಟದ ಮೇಲೆ ನಿಂತರೆ, ಮಂಜಿಲ್ಲದ ದಿನ, ದೇವನಹಳ್ಳಿಯ ವಿಮಾನ ನಿಲ್ದಾಣ ಕಾಣುತ್ತದೆ. ಅಲ್ಲೂ ಟರ್ಕಿ ಇತ್ತು. ವಿಮಾನದಿಂದ ಲಗೇಜು ಇಳಿಸುವ, ಸರಕು ಸಾಗಿಸುವಂಥ ಕೆಲಸಗಳನ್ನು ದೇಶದ ಒಂಬತ್ತು ನಿಲ್ದಾಣಗಳಲ್ಲಿ ಗುತ್ತಿಗೆ ಹಿಡಿದಿದ್ದ ಟರ್ಕಿ ಮೂಲದ ಚೆಲೆಬಿ ಕಂಪನಿಯ ಪಟ್ಟಿಯಲ್ಲಿ ಬೆಂಗಳೂರೂ ಸೇರಿತ್ತು. ಆಪರೇಷನ್ ಸಿಂಧೂರದ ವೇಳೆ ಟರ್ಕಿ ಪಾಕಿಸ್ತಾನದ ಪರ ನಿಂತ ಬೆನ್ನಿಗೆ, 2025ರ ಮೇ 15ರಂದು ಕೇಂದ್ರ ಸರ್ಕಾರ ರಾಷ್ಟ್ರೀಯ ಭದ್ರತೆಯ ಕಾರಣ ಕೊಟ್ಟು ಆ ಕಂಪನಿಯ ಪರವಾನಗಿ ರದ್ದು ಮಾಡಿತು. ಕಂಪನಿ ಹೂಡಿದ ಅರ್ಜಿಯನ್ನು ದೆಹಲಿ ಹೈಕೋರ್ಟ್ ಜುಲೈನಲ್ಲಿ ತಳ್ಳಿಹಾಕಿತು.

ಅಂದಿನಿಂದ ಟೀ ಅಂಗಡಿಯ ಪತ್ರಿಕೆ ಓದುಗರಲ್ಲೂ ಒಂದು ಪ್ರಶ್ನೆ ಓಡಾಡುತ್ತಿದೆ: ಈ ಟರ್ಕಿ ಅಸಲಿಗೆ ಯಾರ ಕಡೆ? ನೇಟೊ ಕೂಟದಲ್ಲಿದೆ, ಆದರೆ ರಷ್ಯಾದಿಂದ ಕ್ಷಿಪಣಿ ಕೊಂಡಿತು. ಉಕ್ರೇನಿಗೆ ಡ್ರೋನ್ ಮಾರಿತು, ರಷ್ಯಾದ ಗ್ಯಾಸನ್ನೂ ತರಿಸಿಕೊಳ್ಳುತ್ತದೆ. ಯುರೋಪಿಯನ್ ಒಕ್ಕೂಟ ಸೇರುತ್ತೇನೆಂದು ಅರ್ಜಿ ಹಾಕಿ ಕೂತಿದೆ, ಅದೇ ಯುರೋಪನ್ನು ಬೆಳಗ್ಗೆ ಸಂಜೆ ಬೈಯುತ್ತದೆ. ಮೇಲ್ನೋಟಕ್ಕೆ ಇದು ಚಂಚಲತೆ. ಒಳಗೆ ಹೋಗಿ ನೋಡಿದರೆ ಇನ್ನೂರೈವತ್ತು ವರ್ಷಗಳಿಂದ ಹೆಚ್ಚೇನೂ ಬದಲಾಗದ ಒಂದು ಲೆಕ್ಕಾಚಾರವಿದೆ.

ಲೆಕ್ಕ ಶುರುವಾಗುವುದು ನೀರಿನಿಂದ. ಕಪ್ಪು ಸಮುದ್ರದಿಂದ ಹೊರಹೋಗಲು ಇರುವ ಸಹಜ ದಾರಿ ಒಂದೇ: ಬಾಸ್ಫರಸ್ ಜಲಸಂಧಿ, ಅದನ್ನು ದಾಟಿದರೆ ಮರ್ಮರ ಸಮುದ್ರ, ಆಮೇಲೆ ಡಾರ್ಡನೆಲ್ಸ್. ಬಾಸ್ಫರಸ್ ಸುಮಾರು 30 ಕಿಲೋಮೀಟರ್ ಉದ್ದ. ತೀರ ಕಿರಿದಾದ ಕಡೆ ಒಂದು ಕಿಲೋಮೀಟರಿಗಿಂತ ಕಡಿಮೆ ಅಗಲ. ಎರಡು ದಡದಲ್ಲೂ ಇಸ್ತಾಂಬುಲ್ ನಗರ. ನಮ್ಮ ಕೆರೆಗಳಲ್ಲಿ ತೂಬಿನ ಬಳಿ ಕೂತ ನೀರುಗಂಟಿಗೆ ಎಕರೆಗಟ್ಟಲೆ ಜಮೀನು ಇರಬೇಕಾಗಿಲ್ಲ. ಮೇಲಿನವರೂ ಕೆಳಗಿನವರೂ ಅವನನ್ನು ಮಾತಾಡಿಸಿಯೇ ಹೋಗುತ್ತಾರೆ. ಟರ್ಕಿಯ ಮಹತ್ವದ ಅರ್ಧಪಾಲು ಇಷ್ಟೇ.

ಈ ತೂಬಿನ ಕಾನೂನಿಗೆ ಮೊಂಟ್ರೊ ಒಪ್ಪಂದವೆಂದು ಹೆಸರು. 1936ರ ಜುಲೈನಲ್ಲಿ ಆದದ್ದು. ಶಾಂತಿಕಾಲದಲ್ಲಿ ಎಲ್ಲ ದೇಶಗಳ ವ್ಯಾಪಾರಿ ಹಡಗುಗಳಿಗೂ ದಾರಿ ಮುಕ್ತ. ಯುದ್ಧನೌಕೆಗಳಿಗೆ ಹಾಗಲ್ಲ. ಕಪ್ಪು ಸಮುದ್ರದ ದಡದಲ್ಲಿ ಇಲ್ಲದ ದೇಶಗಳು, ಅಂದರೆ ಅಮೆರಿಕ, ಬ್ರಿಟನ್, ಫ್ರಾನ್ಸ್‌ಗಳು, ಎಷ್ಟು ಟನ್ ತೂಕದ ನೌಕೆಗಳನ್ನು ಒಳಗೆ ತರಬಹುದು ಎಂಬುದಕ್ಕೆ ಮಿತಿಯಿದೆ. ತಂದರೂ 21 ದಿನಕ್ಕಿಂತ ಹೆಚ್ಚು ಉಳಿಯುವಂತಿಲ್ಲ. ಯುದ್ಧ ನಡೆಯುತ್ತಿದ್ದರೆ ಕಾದಾಡುವ ದೇಶಗಳ ನೌಕೆಗಳಿಗೆ ಬಾಗಿಲು ಹಾಕುವ ಹಕ್ಕು ಟರ್ಕಿಯದು. 2022ರ ಫೆಬ್ರುವರಿ ಕೊನೆಯಲ್ಲಿ ರಷ್ಯಾ ಉಕ್ರೇನಿನ ಮೇಲೆ ಬಿದ್ದಾಗ ಟರ್ಕಿ ಈ ಹಕ್ಕು ಚಲಾಯಿಸಿತು. ರಷ್ಯಾಕ್ಕೆ ಬೇರೆ ಕಡೆಯ ನೌಕೆಗಳನ್ನು ಕಪ್ಪು ಸಮುದ್ರಕ್ಕೆ ತರಲಾಗಲಿಲ್ಲ. ಅದೇ ಹೊತ್ತಿಗೆ ಟರ್ಕಿ ನೇಟೊ ದೇಶಗಳಿಗೂ ನೌಕೆ ಕಳಿಸಬೇಡಿ ಎಂದಿತು. ಇಬ್ಬರಿಗೂ ಸ್ವಲ್ಪ ಬೇಸರ, ಇಬ್ಬರಿಗೂ ಸ್ವಲ್ಪ ಸಮಾಧಾನ.

ಆ ವರ್ಷ ಚಿಂತಾಮಣಿಯ ದಿನಸಿ ಅಂಗಡಿಗಳಲ್ಲಿ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ಟಿನ ಬೆಲೆ ಯಾಕೆ ಹಾಗೆ ಏರಿತು ಎಂಬುದಕ್ಕೂ ಕಾರಣ ಇದೇ ನೀರಿನಲ್ಲಿದೆ. ಭಾರತ ತರಿಸುತ್ತಿದ್ದ ಸೂರ್ಯಕಾಂತಿ ಎಣ್ಣೆಯಲ್ಲಿ ಬಹುಪಾಲು ಉಕ್ರೇನಿನದು, ಮಿಕ್ಕದ್ದರಲ್ಲಿ ಹೆಚ್ಚಿನದು ರಷ್ಯಾದ್ದು. ಎರಡೂ ಬರಬೇಕಾದದ್ದು ಬಾಸ್ಫರಸ್ ದಾಟಿ. 2022ರ ಜುಲೈ 22ರಂದು ಟರ್ಕಿ ಮತ್ತು ವಿಶ್ವಸಂಸ್ಥೆಯ ಮಧ್ಯಸ್ಥಿಕೆಯಲ್ಲಿ ಇಸ್ತಾಂಬುಲ್‌ನಲ್ಲಿ ಧಾನ್ಯ ಒಪ್ಪಂದವಾಯಿತು. ಉಕ್ರೇನಿನ ಬಂದರುಗಳಿಂದ ಹಡಗುಗಳು ಮತ್ತೆ ಹೊರಟವು. ಒಂದು ವರ್ಷ ನಡೆದು, ರಷ್ಯಾ ಕೈಬಿಟ್ಟ ಮೇಲೆ ಮುರಿಯಿತು. ಆ ಒಂದು ವರ್ಷದಲ್ಲಿ ಟರ್ಕಿ ಅಧ್ಯಕ್ಷ ಎರ್ದೊಆನ್ ಅವರಿಗೆ ಸಿಕ್ಕ ಮರ್ಯಾದೆಯನ್ನು ಯಾವ ಭಾಷಣವೂ ತಂದುಕೊಡುತ್ತಿರಲಿಲ್ಲ.

ಈಗ ಟಿಪ್ಪುವಿನ ಕಡೆಗೆ ಹೋಗೋಣ. ಈ ಲೆಕ್ಕ ಗೊತ್ತಿಲ್ಲದೆ ಬಾಗಿಲು ತಟ್ಟಿದವರಿಗೆ ಏನಾಗುತ್ತದೆ ಎಂಬುದಕ್ಕೆ ಅವನ ರಾಯಭಾರಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ.

1784ರ ಮಂಗಳೂರು ಒಪ್ಪಂದದ ನಂತರ ಟಿಪ್ಪುವಿಗೆ ಎರಡು ಕೊರತೆಗಳಿದ್ದವು. ದೆಹಲಿಯ ಮೊಘಲ್ ಬಾದಶಹನಿಂದ ಮನ್ನಣೆ ಇರಲಿಲ್ಲ. ಇಂಗ್ಲಿಷರಿಗೆ ಎದುರಾಗಿ ನಿಲ್ಲಬಲ್ಲ ದೊಡ್ಡ ಮಿತ್ರನಿರಲಿಲ್ಲ. ಎರಡಕ್ಕೂ ಇಸ್ತಾಂಬುಲ್ ಮದ್ದು ಎಂದುಕೊಂಡ. ಗುಲಾಂ ಅಲಿ ಖಾನ್‌ನ ಮುಂದಾಳುತನದಲ್ಲಿ ನಾಲ್ವರು ರಾಯಭಾರಿಗಳು, ಸುಮಾರು 900 ಜನರ ಪರಿವಾರ, 1786ರ ಮಾರ್ಚ್‌ನಲ್ಲಿ ಉತ್ತರ ಕನ್ನಡದ ತದಡಿ ಬಂದರಿನಿಂದ ನಾಲ್ಕು ಹಡಗುಗಳಲ್ಲಿ ಹೊರಟಿತು. ಹಡಗಿನ ತುಂಬ ಶ್ರೀಗಂಧ, ಮೆಣಸು, ಬಟ್ಟೆ, ನಾಣ್ಯ, ಆನೆಗಳೂ ಇದ್ದವು. ಮಾರಿಕೊಂಡು ಖರ್ಚು ನಿಭಾಯಿಸುವ ಏರ್ಪಾಟು. ರಾಯಭಾರವೂ ಹೌದು, ಅಂಗಡಿಯೂ ಹೌದು. ದಾರಿಯ ಸಂಗತಿಗಳನ್ನು ಖ್ವಾಜಾ ಅಬ್ದುಲ್ ಖಾದಿರ್ ಎಂಬ ಕಾರ್ಯದರ್ಶಿ ಪರ್ಷಿಯನ್ ಭಾಷೆಯಲ್ಲಿ ದಿನಚರಿಯಾಗಿ ಬರೆದಿಟ್ಟಿದ್ದರಿಂದ ಇವತ್ತು ನಮಗೆ ಇಷ್ಟೆಲ್ಲ ಗೊತ್ತು. ಮಸ್ಕತ್, ಬುಶೇರ್, ಬಸ್ರಾ, ಬಾಗ್ದಾದ್ ದಾಟಿ ಇಸ್ತಾಂಬುಲ್ ಮುಟ್ಟುವಾಗ 1787ರ ಸೆಪ್ಟೆಂಬರ್. ಅಷ್ಟರಲ್ಲಿ ಆನೆಗಳು ಸತ್ತಿದ್ದವು, ಹಡಗುಗಳಿಗೆ ಹಾನಿಯಾಗಿತ್ತು, ಜನ ಕರಗಿದ್ದರು.

ಕೇಳಿದ್ದೇನು? ಬಸ್ರಾ ಬಂದರನ್ನು ಗುತ್ತಿಗೆಗೆ ಕೊಡಿ, ಬದಲಿಗೆ ಮಂಗಳೂರು ಬಂದರನ್ನು ನೀವು ಬಳಸಿ. ಇಂಗ್ಲಿಷರ ವಿರುದ್ಧ ಸೈನಿಕ ನೆರವು ಕೊಡಿ, ಕರೆತರುವ ಖರ್ಚು ನಮ್ಮದು. ಬಂದೂಕು, ಗಾಜು, ಪಿಂಗಾಣಿ, ಗಡಿಯಾರ ಮಾಡುವ ಕುಶಲಿಗಳನ್ನು ಕಳಿಸಿ. ಇದನ್ನು ಓದುವಾಗ ಟಿಪ್ಪುವಿನ ತಲೆ ಎಷ್ಟು ಮುಂದೆ ಓಡುತ್ತಿತ್ತೆಂದು ಮೆಚ್ಚಿಗೆಯಾಗುತ್ತದೆ. ಎರಡು ಬಂದರುಗಳ ಅದಲುಬದಲು ಅಂದರೆ ಕೊಲ್ಲಿಯಿಂದ ಕರಾವಳಿಯವರೆಗೆ ಇಂಗ್ಲಿಷರಿಗೆ ಸಮನಾದ ವ್ಯಾಪಾರ ಜಾಲ. ಅದೇ ವರ್ಷಗಳಲ್ಲಿ ಅವನು ಮಸ್ಕತ್‌ನಲ್ಲಿದ್ದ ತನ್ನ ಏಜೆಂಟನಿಗೆ ರೇಷ್ಮೆಹುಳುವಿನ ಮೊಟ್ಟೆಯನ್ನೂ ಸಾಕುವವರನ್ನೂ ಕಳಿಸಲು ಬರೆದಿದ್ದ. ಶಿಡ್ಲಘಟ್ಟದ ರೇಷ್ಮೆ ಕಸುಬಿನ ಬೇರು ಆ ಪತ್ರವ್ಯವಹಾರದವರೆಗೆ ಹೋಗುತ್ತದೆ.

ಆದರೆ ಇಸ್ತಾಂಬುಲ್‌ನ ಕಡೆಯಿಂದ ನೋಡಿ. ಸುಲ್ತಾನ ಒಂದನೇ ಅಬ್ದುಲ್ ಹಮೀದ್ 1787ರ ಆಗಸ್ಟ್‌ನಲ್ಲಷ್ಟೇ ರಷ್ಯಾದ ಮೇಲೆ ಯುದ್ಧ ಸಾರಿದ್ದ. ನಾಲ್ಕು ವರ್ಷದ ಹಿಂದೆ ರಷ್ಯಾ ಕ್ರಿಮಿಯಾವನ್ನು ನುಂಗಿತ್ತು. ಮುಂದಿನ ಗುರಿ ಜಲಸಂಧಿ ಎಂಬ ಭಯ. ಇಂಥ ಹೊತ್ತಿನಲ್ಲಿ ಬ್ರಿಟನ್ನನ್ನು ಎದುರು ಹಾಕಿಕೊಳ್ಳುವ ಮಾತೇ ಇಲ್ಲ. ಬಸ್ರಾ ಕೊಟ್ಟರೆ ಬಾಗ್ದಾದಿನ ಪಾಷಾನಿಗೂ ಸಿಟ್ಟು. ಹಾಗಾಗಿ ಕೊಟ್ಟದ್ದು ಖರ್ಚಿಲ್ಲದ್ದು ಮಾತ್ರ: ಸ್ವತಂತ್ರ ದೊರೆಯೆಂಬ ಮನ್ನಣೆ, ಸ್ವಂತ ನಾಣ್ಯ ಹೊರಡಿಸುವ, ತನ್ನ ಹೆಸರಿನಲ್ಲಿ ಶುಕ್ರವಾರದ ಪ್ರವಚನವಾದ ಖುತ್ಬಾ ಓದಿಸುವ ಅನುಮತಿ, ಉಡುಗೊರೆಗಳು. ಬಂದರಿಲ್ಲ, ಸೈನ್ಯವಿಲ್ಲ. ಪ್ಲೇಗ್ ಮತ್ತು ದಾರಿಯ ಕಷ್ಟಕ್ಕೆ ಸಿಕ್ಕಿ, 900ರಲ್ಲಿ ನೂರಕ್ಕಿಂತ ಕಡಿಮೆ ಮಂದಿ ವಾಪಸು ಬಂದರು. ಗುಲಾಂ ಅಲಿ ಖಾನ್ ಬದುಕಿ ಬಂದ. 1792ರಲ್ಲಿ, ಇಂಗ್ಲಿಷರಿಗೆ ಸೋತ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆಯಾಳುಗಳಾಗಿ ಕಾರ್ನ್‌ವಾಲಿಸನಿಗೆ ಒಪ್ಪಿಸುವ ಕೆಲಸವೂ ಅವನ ಪಾಲಿಗೇ ಬಂತು.

1798ಕ್ಕೆ ಚಿತ್ರ ಪೂರ್ತಿ ತಿರುಗಿತು. ಜುಲೈ ಮೊದಲ ವಾರ ನೆಪೋಲಿಯನ್ ಈಜಿಪ್ಟಿನಲ್ಲಿ ಇಳಿದ. ಈಜಿಪ್ಟ್ ಸುಲ್ತಾನನದು, ಫ್ರಾನ್ಸ್ ಎರಡೂವರೆ ಶತಮಾನದ ಹಳೆಯ ಸ್ನೇಹಿತ. ಸೆಪ್ಟೆಂಬರ್‌ನಲ್ಲಿ ಸುಲ್ತಾನ ಆ ಸ್ನೇಹಿತನ ಮೇಲೆ ಯುದ್ಧ ಸಾರಿದ. ಅದಕ್ಕಿಂತ ಅಚ್ಚರಿಯ ಸಂಗತಿ, ಅದೇ ತಿಂಗಳು ರಷ್ಯಾದ ನೌಕಾದಳ ಬಾಸ್ಫರಸ್‌ನೊಳಗೆ ಬಂತು, ಆಕ್ರಮಿಸಲು ಅಲ್ಲ, ಸುಲ್ತಾನನ ಮಿತ್ರನಾಗಿ. ಆರು ವರ್ಷದ ಹಿಂದಿನವರೆಗೆ ಕಾದಾಡಿದ್ದ ರಷ್ಯಾ! 1799ರ ಜನವರಿ ಮೊದಲ ವಾರದಲ್ಲಿ ರಷ್ಯಾ ಮತ್ತು ಬ್ರಿಟನ್ ಎರಡರ ಜೊತೆಗೂ ಒಪ್ಪಂದಗಳಾದವು.

ಟಿಪ್ಪುವಿಗೆ ಬಂದ ಕಾಗದ ಹುಟ್ಟಿದ್ದು ಈ ತಿರುವಿನಲ್ಲಿ. ಖಲೀಫನಿಗೆ ಆಗ ಬೇಕಾದದ್ದು ಈಜಿಪ್ಟ್. ಅದನ್ನು ಬಿಡಿಸಿಕೊಡಬಲ್ಲವರು ಇಂಗ್ಲಿಷ್ ನೌಕಾಪಡೆಯವರು. ಅವರಿಗೆ ಮೈಸೂರಿನಲ್ಲಿ ತೊಂದರೆಯಾದರೆ ಈಜಿಪ್ಟಿನ ಕಡೆ ಗಮನ ಕಡಿಮೆ. ಟಿಪ್ಪು ಫೆಬ್ರುವರಿ 10ರಂದು ಖಲೀಫನಿಗೆ ಗೌರವ ತುಂಬಿದ ಉತ್ತರ ಬರೆಸಿದ. ಅಷ್ಟರಲ್ಲಿ ವೆಲ್ಲೆಸ್ಲಿ ಸೈನ್ಯಕ್ಕೆ ಹೊರಡಲು ಅಪ್ಪಣೆ ಕೊಟ್ಟು ವಾರವಾಗಿತ್ತು. ರಾಜಿ ಮಾಡಿಸುತ್ತೇನೆಂದ ಸುಲ್ತಾನನಿಗೆ ರಾಜಿಯ ಅವಕಾಶವನ್ನೇ ಯಾರೂ ಕೊಡಲಿಲ್ಲ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಬರೆದ ಕಾಗದವೂ ದಾರಿಯಲ್ಲೇ ಇಂಗ್ಲಿಷರ ಕೈಗೆ ಸಿಕ್ಕಿತ್ತು. ಎರಡೂ ಕಡೆಯ ಪತ್ರಗಳು ಒಬ್ಬನ ಮೇಜಿನ ಮೇಲೇ ಬಂದು ಬಿದ್ದರೆ ಯುದ್ಧ ಯಾರು ಗೆಲ್ಲುತ್ತಾರೆ ಎಂದು ಹೇಳಲು ಜೋಯಿಸರು ಬೇಕಿಲ್ಲ.

ಧರ್ಮದ ನಂಟು ಸುಳ್ಳಾಗಿತ್ತೆಂದು ಇದರ ಅರ್ಥವಲ್ಲ. ಅದು ಗೌರವದ ಮಾತಿನಲ್ಲಿತ್ತು, ಉಡುಗೊರೆಯಲ್ಲಿತ್ತು. ತೀರ್ಮಾನದಲ್ಲಿ ಮಾತ್ರ ಇರಲಿಲ್ಲ. ಮತ್ತೆ ಎಂಟೇ ವರ್ಷ. 1806ರ ಕೊನೆಗೆ ಅದೇ ಸಲೀಂ ಫ್ರಾನ್ಸಿನ ಪಕ್ಕ ಸರಿದು ರಷ್ಯಾದೊಂದಿಗೆ ಯುದ್ಧಕ್ಕಿಳಿದ. 1807ರ ಫೆಬ್ರುವರಿಯಲ್ಲಿ ಬ್ರಿಟಿಷ್ ನೌಕಾಪಡೆ ಡಾರ್ಡನೆಲ್ಸ್ ಭೇದಿಸಿ ಇಸ್ತಾಂಬುಲ್ ಎದುರು ಬಂದು ನಿಂತಿತು. 1809ಕ್ಕೆ ಬ್ರಿಟನ್ ಜೊತೆ ಮತ್ತೆ ಸಂಧಿ. 1853ರಲ್ಲಿ ಶುರುವಾದ ಕ್ರಿಮಿಯಾ ಯುದ್ಧದಲ್ಲಿ ಬ್ರಿಟನ್, ಫ್ರಾನ್ಸ್ ಎರಡೂ ಟರ್ಕಿಯ ಕಡೆ.

ಆ ಯುದ್ಧದ ಸಾಲ ಟರ್ಕಿಯನ್ನು ಬೇರೊಂದು ಬಗೆಯಲ್ಲಿ ಯುರೋಪಿಗೆ ಕಟ್ಟಿಹಾಕಿತು. 1854ರಲ್ಲಿ ಮೊದಲ ವಿದೇಶಿ ಸಾಲ. 1875ಕ್ಕೆ ಕಂತು ಕಟ್ಟಲಾಗದ ಸ್ಥಿತಿ. 1881ರಲ್ಲಿ ಸಾಲ ಕೊಟ್ಟ ಯುರೋಪಿನವರೇ ಇಸ್ತಾಂಬುಲ್‌ನಲ್ಲಿ ಕಚೇರಿ ತೆರೆದು ಉಪ್ಪು, ತಂಬಾಕು, ಮದ್ಯ, ಮೀನು, ಸ್ಟಾಂಪುಗಳ ಆದಾಯವನ್ನು ನೇರವಾಗಿ ವಸೂಲು ಮಾಡತೊಡಗಿದರು. ಆ ಪಟ್ಟಿಯಲ್ಲಿ ರೇಷ್ಮೆಯ ತೆರಿಗೆಯೂ ಇತ್ತು. ಬುರ್ಸಾ ಟರ್ಕಿಯ ಶಿಡ್ಲಘಟ್ಟ. ಅಲ್ಲಿನ ಗೂಡಿನ ಮಾರುಕಟ್ಟೆಯ ಕಟ್ಟಡ, ಕೋಜಾ ಹಾನ್, 1491ರದು. ಪೆಬ್ರಿನ್ ರೋಗ ಹುಳುಗಳನ್ನು ಒರಗಿಸಿದಾಗ ತೆರಿಗೆಯೂ ಒರಗಿತು. ಸಾಲಿಗರು ಸುಮ್ಮನಿರಲಿಲ್ಲ, 1888ರಲ್ಲಿ ಬುರ್ಸಾದಲ್ಲಿ ರೇಷ್ಮೆ ಶಾಲೆ ತೆರೆಸಿ, ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆ ತಯಾರಿಸುವ ಪಾಶ್ಚರನ ವಿಧಾನ ಕಲಿಸಿದರು. ಬೆಳೆ ಚೇತರಿಸಿತು, ವಸೂಲಿಯೂ ಚೇತರಿಸಿತು. ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ಮಾಡುವ ಪರೀಕ್ಷೆ ಅದೇ. ಯುರೋಪಿನ ನೆರವು ಟರ್ಕಿಗೆ ಒಳ್ಳೆಯದನ್ನೂ ತಂದಿದೆ, ಅದರ ಜೊತೆಗೆ ಯಾವಾಗಲೂ ಒಂದು ರಸೀತಿ ಬಂದಿದೆ. ಇಂದಿನ ಟರ್ಕಿಯ ನಾಯಕರು ಯುರೋಪಿನ ಷರತ್ತು ಎಂದೊಡನೆ ಮುಖ ಸಿಂಡರಿಸುವುದರ ಹಿಂದೆ ಈ ನೆನಪಿದೆ.

ಮೊದಲ ಮಹಾಯುದ್ಧದಲ್ಲಿ ಟರ್ಕಿ ಜರ್ಮನಿಯ ಕಡೆ ಹೋಯಿತು. ಆ ಯುದ್ಧದಲ್ಲಿ ಟರ್ಕರ ಎದುರು ನಿಂತವರಲ್ಲಿ ನಮ್ಮ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆಯೂ ಇತ್ತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಪಡೆಯೊಂದಿಗೆ ಸೇರಿ ಹೈಫಾ ಪಟ್ಟಣ ಗೆದ್ದದ್ದು ಅವರೇ. 1923ರಲ್ಲಿ ಗಣರಾಜ್ಯವಾದ ಟರ್ಕಿ ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿನವರೆಗೂ ಯಾರ ಕೈಗೂ ಸಿಗದೆ ದೂರ ಉಳಿಯಿತು. ಯುದ್ಧ ಮುಗಿದೊಡನೆ ಸ್ಟಾಲಿನ್ ಜಲಸಂಧಿಯಲ್ಲಿ ಪಾಲು ಕೇಳಿದ. ಹಳೆಯ ಭಯ ಮರಳಿತು, ಹಳೆಯ ಮದ್ದೂ ಮರಳಿತು: ಪಶ್ಚಿಮದ ಕಡೆ ಓಟ. ಕೊರಿಯಾ ಯುದ್ಧಕ್ಕೆ ಸೈನಿಕರನ್ನು ಕಳಿಸಿ, 1952ರಲ್ಲಿ ನೇಟೊ ಸದಸ್ಯತ್ವ ಪಡೆಯಿತು.

ನೇಟೊದಲ್ಲಿ ಜಾಗ ಸಿಕ್ಕಷ್ಟು ಸುಲಭವಾಗಿ ಯುರೋಪಿನ ಮಾರುಕಟ್ಟೆಯಲ್ಲಿ ಸಿಗಲಿಲ್ಲ. ಮೊದಲ ಅರ್ಜಿ 1959ರಲ್ಲಿ. 1963ರಲ್ಲಿ ಅಂಕಾರಾ ಒಪ್ಪಂದ. ಪೂರ್ಣ ಸದಸ್ಯತ್ವಕ್ಕೆ ಅರ್ಜಿ 1987ರಲ್ಲಿ. ಅಭ್ಯರ್ಥಿ ಎಂಬ ಪಟ್ಟ 1999ರಲ್ಲಿ. ಮಾತುಕತೆ ಶುರುವಾದದ್ದು 2005ರ ಅಕ್ಟೋಬರ್‌ನಲ್ಲಿ. ಮಾತುಕತೆ ನಡೆಯುವ ಕ್ರಮ ಹೀಗೆ: ಒಕ್ಕೂಟದ ಕಾನೂನನ್ನು 35 ಅಧ್ಯಾಯಗಳಾಗಿ ವಿಂಗಡಿಸುತ್ತಾರೆ. ಒಂದೊಂದನ್ನೂ ತೆರೆಯಲು, ಮುಚ್ಚಲು ಎಲ್ಲ ಸದಸ್ಯ ದೇಶಗಳೂ ಒಪ್ಪಬೇಕು. ಟರ್ಕಿಯ ವಿಷಯದಲ್ಲಿ 16 ತೆರೆದವು, ತಾತ್ಕಾಲಿಕವಾಗಿ ಮುಚ್ಚಿದ್ದು ಒಂದೇ, ವಿಜ್ಞಾನ ಮತ್ತು ಸಂಶೋಧನೆಯದು. 2018ರಿಂದ ಎಲ್ಲ ನಿಂತಿದೆ.

ಯಾಕೆ ನಿಂತಿತು ಎಂಬುದಕ್ಕೆ ಎರಡು ಕಾರಣಗಳನ್ನು ಬೇರೆ ಬೇರೆ ಇಟ್ಟು ನೋಡಬೇಕು. ಒಂದು ಸೈಪ್ರಸ್. 1974ರಲ್ಲಿ ಟರ್ಕಿ ಸೈನ್ಯ ಆ ದ್ವೀಪದ ಉತ್ತರ ಭಾಗಕ್ಕೆ ನುಗ್ಗಿ ಕೂತಿತು, ಇನ್ನೂ ಎದ್ದಿಲ್ಲ. 2004ರಲ್ಲಿ ದ್ವೀಪವನ್ನು ಒಂದುಗೂಡಿಸುವ ಯೋಜನೆಗೆ ಜನಮತ ಕೇಳಿದಾಗ ಉತ್ತರದ ಟರ್ಕರು ಹೂಂ ಎಂದರು, ದಕ್ಷಿಣದ ಗ್ರೀಕರು ಬೇಡವೆಂದರು. ಆದರೂ ಒಂದೇ ವಾರದಲ್ಲಿ ಸೈಪ್ರಸ್ ಒಕ್ಕೂಟದ ಸದಸ್ಯನಾಯಿತು, ಅಂದರೆ ಟರ್ಕಿಯ ಪ್ರತಿಯೊಂದು ಅಧ್ಯಾಯಕ್ಕೂ ಅಡ್ಡಗಾಲು ಹಾಕುವ ಅಧಿಕಾರ ಅದಕ್ಕೆ ಬಂತು. ಈ ವಿಷಯದಲ್ಲಿ ಟರ್ಕಿಯ ಸಿಟ್ಟಿಗೆ ನ್ಯಾಯವಿದೆ ಎಂದೇ ನನಗನ್ನಿಸುತ್ತದೆ. ಎರಡನೆಯದು ಟರ್ಕಿಯದೇ ತಪ್ಪು: 2016ರ ಜುಲೈನ ವಿಫಲ ಸೇನಾ ದಂಗೆಯ ನಂತರ ನಡೆದ ಸಾಮೂಹಿಕ ಬಂಧನ, ವಜಾ, ಪತ್ರಿಕೆಗಳ ಬಾಗಿಲು ಮುಚ್ಚಿಸಿದ್ದು. ಅದಕ್ಕೆ ನೆಪ ಸಿಗುತ್ತದೆ, ಸಮರ್ಥನೆ ಸಿಗುವುದಿಲ್ಲ.

ಬಾಗಿಲು ಮುಚ್ಚಿದ ಮೇಲೆ ಸಂಬಂಧ ಚಿಲ್ಲರೆ ವ್ಯವಹಾರಕ್ಕೆ ಇಳಿಯಿತು. ಒಂದೊಂದು ವಿಷಯಕ್ಕೆ ಒಂದೊಂದು ಬೆಲೆ. 2016ರ ಮಾರ್ಚ್ 18ರ ಒಪ್ಪಂದದಲ್ಲಿ, ಸಿರಿಯಾದ ನಿರಾಶ್ರಿತರು ಗ್ರೀಸಿಗೆ ದಾಟದಂತೆ ಟರ್ಕಿ ತಡೆಯುವುದು, ಯುರೋಪ್ 600 ಕೋಟಿ ಯೂರೊ ಒದಗಿಸುವುದು ಎಂದಾಯಿತು. ಹಣ ಸರ್ಕಾರದ ಖಜಾನೆಗೆ ಸುರಿಯುವುದಕ್ಕಲ್ಲ, ನಿರಾಶ್ರಿತರ ಶಾಲೆ, ಆಸ್ಪತ್ರೆ, ನೆರವಿಗೆ ಎಂಬ ವ್ಯವಸ್ಥೆ. ಲಕ್ಷಗಟ್ಟಲೆ ಅಲ್ಲ, ಮೂವತ್ತು ಲಕ್ಷಕ್ಕೂ ಹೆಚ್ಚು ಸಿರಿಯನ್ನರಿಗೆ ಟರ್ಕಿ ಜಾಗ ಕೊಟ್ಟಿತ್ತು ಎಂಬುದನ್ನು ಯುರೋಪಿನ ಪತ್ರಿಕೆಗಳು ಸಣ್ಣಕ್ಷರದಲ್ಲಿ ಬರೆಯುತ್ತವೆ.

ಸ್ವೀಡನ್ ಪ್ರಕರಣವಂತೂ ಚೌಕಾಸಿಯ ಪಾಠ. 2022ರ ಮೇನಲ್ಲಿ ಫಿನ್ಲೆಂಡ್ ಮತ್ತು ಸ್ವೀಡನ್ ನೇಟೊಗೆ ಅರ್ಜಿ ಹಾಕಿದವು. ಇಲ್ಲೂ ಎಲ್ಲ ಸದಸ್ಯರ ಒಪ್ಪಿಗೆ ಬೇಕು. ಕುರ್ದಿಷ್ ಬಂಡುಕೋರರಿಗೆ ಸ್ವೀಡನ್ ಆಶ್ರಯ ಕೊಡುತ್ತಿದೆ ಎಂದು ಟರ್ಕಿ ತಕರಾರು ತೆಗೆಯಿತು. ಫಿನ್ಲೆಂಡಿಗೆ 2023ರ ಮಾರ್ಚ್ ಕೊನೆಯಲ್ಲಿ ದಾರಿ ಬಿಟ್ಟು ಸ್ವೀಡನ್ನನ್ನು ಹಿಡಿದಿಟ್ಟಿತು. ಸ್ವೀಡನ್ ತನ್ನ ಭಯೋತ್ಪಾದನಾ ವಿರೋಧಿ ಕಾನೂನು ಬಿಗಿಗೊಳಿಸಿತು. 2024ರ ಜನವರಿ 23ರಂದು ಟರ್ಕಿಯ ಸಂಸತ್ತು ಒಪ್ಪಿತು. ಅದೇ ವಾರ ಅಮೆರಿಕ ಟರ್ಕಿಗೆ ಎಫ್-16 ವಿಮಾನಗಳ ಮಾರಾಟಕ್ಕೆ ಹಸಿರು ನಿಶಾನೆ ತೋರಿತು. ಎರಡಕ್ಕೂ ಸಂಬಂಧವಿಲ್ಲವೆಂದು ನಂಬುವವರು ನಂಬಬಹುದು.

ಲೆಕ್ಕ ತಪ್ಪಿದ್ದೂ ಉಂಟು. 2019ರಲ್ಲಿ ರಷ್ಯಾದ ಎಸ್-400 ಕ್ಷಿಪಣಿ ತರಿಸಿಕೊಂಡದ್ದಕ್ಕೆ ಅಮೆರಿಕ ತನ್ನ ಎಫ್-35 ವಿಮಾನ ಯೋಜನೆಯಿಂದ ಟರ್ಕಿಯನ್ನು ಹೊರಹಾಕಿತು. ಭಾರತವೂ ಅದೇ ಎಸ್-400 ಕೊಂಡಿದೆ, ನಿಜ. ಆದರೆ ಭಾರತ ನೇಟೊದಲ್ಲಿಲ್ಲ. ಆ ತಪ್ಪಿನ ದಂಡವನ್ನು ಟರ್ಕಿ ಈಗ ಯುರೋಪಿನ ಕೈಲಿ ತುಂಬಿಸಿಕೊಳ್ಳುತ್ತಿದೆ. 2025ರ ಮಾರ್ಚ್‌ನಲ್ಲಿ ಇಸ್ತಾಂಬುಲ್ ಮೇಯರ್, ಎರ್ದೊಆನ್ ಅವರ ಮುಖ್ಯ ಎದುರಾಳಿ ಎಕ್ರೆಂ ಇಮಾಮೊಗ್ಲು ಅವರ ಬಂಧನವಾಯಿತು. ಯುರೋಪಿನಿಂದ ಖಂಡನೆಗಳು ಬಂದವು. ಅದೇ ವರ್ಷದ ಅಕ್ಟೋಬರ್ 27ರಂದು ಬ್ರಿಟನ್ ಪ್ರಧಾನಿ ಅಂಕಾರಾಕ್ಕೆ ಬಂದು 20 ಯೂರೋಫೈಟರ್ ಯುದ್ಧವಿಮಾನಗಳ ಮಾರಾಟಕ್ಕೆ ಸಹಿ ಹಾಕಿದರು. ಬಹುಕಾಲ ಅಡ್ಡಿ ಮಾಡಿದ್ದ ಜರ್ಮನಿ ಜುಲೈನಲ್ಲೇ ದಾರಿ ಬಿಟ್ಟಿತ್ತು. ಯುರೋಪಿಗೆ ಪೂರ್ವದಲ್ಲಿ ರಷ್ಯಾದ ಭಯ, ಪಶ್ಚಿಮದಲ್ಲಿ ಅಮೆರಿಕ ಕೈಬಿಟ್ಟೀತೆಂಬ ಅನುಮಾನ. ನೇಟೊದ ಎರಡನೇ ಅತಿ ದೊಡ್ಡ ಸೈನ್ಯ ಟರ್ಕಿಯದು. ಲೆಕ್ಕ ಹಾಕುವುದು ಟರ್ಕಿ ಮಾತ್ರವಲ್ಲ.

ಭಾರತದ ವಿಷಯಕ್ಕೆ ಬಂದರೆ, ಟರ್ಕಿ-ಪಾಕಿಸ್ತಾನ ನಂಟು ಎರ್ದೊಆನ್ ಕಾಲದ್ದಲ್ಲ. 1955ರ ಬಾಗ್ದಾದ್ ಒಪ್ಪಂದದಲ್ಲೇ ಬ್ರಿಟನ್ ಸಮೇತ ಇಬ್ಬರೂ ಒಂದೇ ಕೂಟದಲ್ಲಿದ್ದರು. ಧರ್ಮದ ಮಾತು ಈ ಸ್ನೇಹದಲ್ಲಿ ಕೇಳಿಸುತ್ತದೆ. ಜೊತೆಗೆ ಟರ್ಕಿಯ ಯುದ್ಧನೌಕೆ, ಡ್ರೋನ್‌ಗಳಿಗೆ ಪಾಕಿಸ್ತಾನ ಗಿರಾಕಿ ಎಂಬುದನ್ನೂ ಮರೆಯಬಾರದು. ಭಾರತವೂ ತನ್ನ ಲೆಕ್ಕದಲ್ಲಿ ಸೈಪ್ರಸ್, ಗ್ರೀಸ್, ಅರ್ಮೇನಿಯಾಗಳ ಕಡೆ ಸರಿದಿದೆ. ಪ್ರಧಾನಿ ಮೋದಿ 2025ರ ಜೂನ್‌ನಲ್ಲಿ ಸೈಪ್ರಸ್‌ಗೆ ಹೋದದ್ದನ್ನು ಅಂಕಾರಾದವರು ಸುಮ್ಮನೆ ನೋಡಿರಲಾರರು. 2023ರ ದೆಹಲಿ ಜಿ-20 ಸಭೆಯಲ್ಲಿ ಘೋಷಿಸಿದ ಭಾರತ-ಮಧ್ಯಪ್ರಾಚ್ಯ-ಯುರೋಪ್ ಕಾರಿಡಾರ್ ಟರ್ಕಿಯ ಮೂಲಕ ಹೋಗುವುದಿಲ್ಲ, ಅದನ್ನು ಪಕ್ಕಕ್ಕಿಟ್ಟು ಹೋಗುತ್ತದೆ. ಟರ್ಕಿಯಿಲ್ಲದೆ ಕಾರಿಡಾರ್ ಇಲ್ಲ ಎಂದು ಎರ್ದೊಆನ್ ಆಗಲೇ ತಕರಾರು ಎತ್ತಿದರು.

ಇಷ್ಟೆಲ್ಲದರಲ್ಲಿ ನಮ್ಮ ಜಿಲ್ಲೆಯ ಜೇಬಿಗೆ ನೇರವಾಗಿ ತಾಗುವುದು ಕ್ಷಿಪಣಿಯೂ ಅಲ್ಲ, ಕಾರಿಡಾರೂ ಅಲ್ಲ. ಸುಂಕ ಒಕ್ಕೂಟ. 1996ರಿಂದ ಟರ್ಕಿ ಮತ್ತು ಯುರೋಪಿಯನ್ ಒಕ್ಕೂಟದ ನಡುವೆ ಕೈಗಾರಿಕಾ ಸರಕಿಗೆ ಆಮದು ಸುಂಕವಿಲ್ಲ. ಹಸಿ ಕೃಷಿ ಉತ್ಪನ್ನ ಮತ್ತು ಸೇವೆಗಳು ಇದರಲ್ಲಿ ಬರುವುದಿಲ್ಲ. ಗೌರಿಬಿದನೂರಿನ ಗಾರ್ಮೆಂಟ್ಸಿನಲ್ಲಿ ಹೊಲಿದ ಒಂದು ಅಂಗಿ, ಇಸ್ತಾಂಬುಲ್‌ನ ಹೊರವಲಯದಲ್ಲಿ ಹೊಲಿದ ಒಂದು ಅಂಗಿ, ಎರಡೂ ಜರ್ಮನಿಗೆ ಹೊರಟವು ಎಂದಿಟ್ಟುಕೊಳ್ಳಿ. ಟರ್ಕಿಯ ಅಂಗಿ ಲಾರಿ ಹತ್ತಿ, ಎ.ಟಿ.ಆರ್. ಎಂಬ ಒಂದು ಪ್ರಮಾಣಪತ್ರ ತೋರಿಸಿ, ಸುಂಕವಿಲ್ಲದೆ ಸುಮಾರು ಒಂದು ವಾರದಲ್ಲಿ ಅಂಗಡಿ ಮುಟ್ಟುತ್ತದೆ. ನಮ್ಮ ಅಂಗಿ ಚೆನ್ನೈ ಬಂದರಿಗೆ ಹೋಗಿ, ಹಡಗಿನಲ್ಲಿ ವಾರಗಟ್ಟಲೆ ತೇಲಿ, ಹೋದ ಮೇಲೆ ಶೇ 9ರಿಂದ 12ರಷ್ಟು ಸುಂಕ ತೆತ್ತುಕೊಂಡು ಬಂದಿದೆ. ಫ್ಯಾಷನ್ ವ್ಯಾಪಾರದಲ್ಲಿ ಬಣ್ಣ ಹದಿನೈದು ದಿನಕ್ಕೊಮ್ಮೆ ಬದಲಾಗುವಾಗ ಈ ಎರಡು ವ್ಯತ್ಯಾಸಗಳು ಸಾಕು. ನಮ್ಮಲ್ಲಿ ಕೂಲಿ ಕಡಿಮೆ ಎಂಬ ಅನುಕೂಲ ಅಲ್ಲೇ ಕರಗುತ್ತದೆ.

ಟರ್ಕಿಗೂ ಇದರಲ್ಲಿ ಒಂದು ಮುಳ್ಳಿದೆ. ಹೊರಗಿನ ದೇಶಗಳ ಸರಕಿಗೆ ಯುರೋಪ್ ಎಷ್ಟು ಸುಂಕ ಹಾಕುತ್ತದೋ ಟರ್ಕಿಯೂ ಅಷ್ಟೇ ಹಾಕಬೇಕು. ಆದರೆ ಸುಂಕ ನಿಗದಿಪಡಿಸುವ ಸಭೆಯಲ್ಲಿ ಅದಕ್ಕೆ ಕುರ್ಚಿಯಿಲ್ಲ. ಯುರೋಪ್ ಯಾವುದೇ ದೇಶದೊಂದಿಗೆ ಮುಕ್ತ ವ್ಯಾಪಾರ ಒಪ್ಪಂದ ಮಾಡಿಕೊಂಡರೆ, ಆ ದೇಶದ ಸರಕು ಯುರೋಪಿನೊಳಗೆ ಇಳಿದು ಅಲ್ಲಿಂದ ಟರ್ಕಿಗೂ ಸುಂಕವಿಲ್ಲದೆ ಹೋಗಬಹುದು. ಟರ್ಕಿಯ ಸರಕಿಗೆ ಆ ದೇಶದಲ್ಲಿ ರಿಯಾಯಿತಿ ತಾನಾಗಿ ಸಿಗುವುದಿಲ್ಲ; ಹೋಗಿ ಬೇರೆಯಾಗಿ ಕೇಳಿಕೊಳ್ಳಬೇಕು. ದಕ್ಷಿಣ ಕೊರಿಯಾ ಕೊಟ್ಟಿತು. ಮೆಕ್ಸಿಕೊ, ದಕ್ಷಿಣ ಆಫ್ರಿಕಾ, ಅಲ್ಜೀರಿಯಾ ಕೊಡಲಿಲ್ಲ. ಈ ಸುಂಕ ಒಕ್ಕೂಟವನ್ನು ತಿದ್ದಬೇಕೆಂದು ಟರ್ಕಿ ವರ್ಷಗಳಿಂದ ಕೇಳುತ್ತಿದೆ. ಯುರೋಪಿಯನ್ ಆಯೋಗ 2016ರಲ್ಲೇ ಮಾತುಕತೆಗೆ ಅನುಮತಿ ಕೋರಿತು, ಸದಸ್ಯ ದೇಶಗಳು ಕೊಡಲಿಲ್ಲ.

ಭಾರತ ಮತ್ತು ಯುರೋಪಿಯನ್ ಒಕ್ಕೂಟದ ಮುಕ್ತ ವ್ಯಾಪಾರದ ಮಾತುಕತೆ 2007ರಲ್ಲಿ ಶುರುವಾಗಿ, 2013ರಲ್ಲಿ ನಿಂತು, 2022ರಲ್ಲಿ ಮತ್ತೆ ಚಿಗುರಿದ್ದು. ಆ ಒಪ್ಪಂದ ಜಾರಿಗೆ ಬಂದ ಮೇಲೆ ಗೌರಿಬಿದನೂರಿನ ಅಂಗಿಗೂ ಟರ್ಕಿಯ ಅಂಗಿಗೂ ನಡುವಿನ ಸುಂಕದ ಗೋಡೆ ಇಳಿಯುತ್ತದೆ. ಹಡಗಿನ ದೂರ ಹಾಗೇ ಉಳಿಯುತ್ತದೆ. ಗಾರ್ಮೆಂಟ್ಸ್ ನಡೆಸುವವರು, ಅಲ್ಲಿ ದುಡಿಯುವವರ ಸಂಘಗಳು ನೋಡಬೇಕಾದದ್ದು ನಾಯಕರ ಹಸ್ತಲಾಘವದ ಫೋಟೊ ಅಲ್ಲ. ಯಾವ ಸರಕಿನ ಸುಂಕ ಯಾವ ವರ್ಷ ಇಳಿಯುತ್ತದೆ ಎಂಬ ಪಟ್ಟಿ ಮತ್ತು ಬಟ್ಟೆ ಎಲ್ಲಿ ನೇಯ್ದದ್ದಾದರೆ ರಿಯಾಯಿತಿ ಸಿಗುತ್ತದೆ ಎಂಬ ಮೂಲ ನಿಯಮ, ಇವೆರಡನ್ನು ಓದಿಸಿಕೊಂಡು ತಿಳಿದುಕೊಳ್ಳಿ. ಇನ್ನು ಟರ್ಕಿ ತನ್ನ ಸರಕಿಗೂ ಭಾರತದಲ್ಲಿ ಅದೇ ರಿಯಾಯಿತಿ ಬೇಕೆಂದರೆ ದೆಹಲಿಗೆ ಬಂದು ಕೇಳಬೇಕಾಗುತ್ತದೆ. ಸುಂಕ ಒಕ್ಕೂಟದ ನಿಯಮ ಕಟ್ಟಿಹಾಕುವುದು ಟರ್ಕಿಯನ್ನು, ಭಾರತವನ್ನಲ್ಲ.